ಆ ಆಮೆಯನ್ನು ಕಡಲಿಗೆ ಬಿಡಬೇಡಿ

'ಕಾಸರಗೋಡಿನ ಚಂದ್ರಗಿರಿ ಹೊಳೆಗೆ ದಾರಿ ತಪ್ಪಿ ಕಡಲಾಮೆ ಬರ್ತಿದೆ, ಕಂಡರೆ ಕಡಲಿಗೆ ಬಿಡಿ' ಎಂಬ ಮೆಸೇಜನ್ನು ನಿನ್ನೆ ನಾನೂ ಸುಮ್ನೆ ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು. ಆ ಮೆಸೇಜಿನ ಫೋಟೋದಲ್ಲಿರುವುದು ಹೊಳೆಯದೇ ಆಮೆ, ಮಲಯಾಳದವರು ಭೀಮನಾಮೆ ಅನ್ನುವ ದೊಡ್ಡ ಮೆದುಚಿಪ್ಪಿನ ಆಮೆ. ಕಾಲು ನೋಡಿ: ಕಡಲಾಮೆಯದ್ದು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ಇದಕ್ಕೆ ಬೆರಳ ನಡುವೆ ಪೊರೆ, ತುದಿಯಲ್ಲಿ ಉಗುರು. ಬೆನ್ನು ತೊಗಲಿನಂತೆ ನುಣುಪು, ಕಣ್ಣು ಮೂಗಿನ ತುದಿಗೇ ಅಂಟಿದಂತಿದೆ. ಹೆಚ್ಚು ಹೊತ್ತು ಮರಳಲ್ಲಿ ಹುದುಗಿರುತ್ತದೆ. ಅದಕ್ಕೇ ನಮ್ಮ ಕಣ್ಣಿಗೆ ಬೀಳೋದು ಕಡಿಮೆ.

ಅಳಿವಿನಂಚಿನ ಈ ಆಮೆಯನ್ನು 2023ರಲ್ಲಿ ಕಾಸರಗೋಡು ಜಿಲ್ಲೆಯ ಅಧಿಕೃತ ಜೀವಿ ಎಂದು ಘೋಷಿಸಿದ್ದಾರೆ. ನೀರು ನುಗ್ಗಿದ ಗೂಡಿನಿಂದ ಮೊಟ್ಟೆ ಉಳಿಸಿ, ಮರಿಗಳನ್ನು ಇದೇ ಹೊಳೆಗೆ ಬಿಟ್ಟದ್ದೂ ಉಂಟು. ಕಡಲಿಗಲ್ಲ! ಬಲೆಗೆ ಸಿಕ್ಕರೆ ಅರಣ್ಯ ಇಲಾಖೆಗೆ ಹೇಳಿ. ಹಳೇ ಮೆಸೇಜ್ ದಯವಿಟ್ಟು ಡಿಲೀಟ್ ಮಾಡಿ, ಮುಂದೆ ಕಳಿಸಬೇಡಿ.