ಫೋನ್ ಬಿಸಿಯಾದರೆ ಪ್ರೊಸೆಸರ್ ನಂಬರ್ ಬಿಡಿ, ಬ್ಯಾಟರಿ ನೋಡಿ

ಮಾರ್ಚ್ ಬಂತೆಂದರೆ ಕಲಬುರಗಿ, ರಾಯಚೂರು ಕಡೆಯ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಅಣ್ಣಾ, ಫೋನ್ ಭಾಳ ಬಿಸಿ ಆಗ್ಲಿಕತ್ತದ. ಪ್ರೊಸೆಸರ್ ಟೆಂಪರೇಚರ್ ನೋಡ್ಲಿಕ್ಕ ಯಾವ ಆ್ಯಪ್ ಹಾಕ್ಲಿ?" ಕೂಡಲೇ ಯಾರೋ ಒಬ್ಬರು ಯಾವುದೋ 'ಕೂಲರ್' ಆ್ಯಪ್‌ನ ಲಿಂಕ್ ಹಾಕುತ್ತಾರೆ. ಹತ್ತು ಜನ ಹೆಬ್ಬೆರಳು ತೋರಿಸುತ್ತಾರೆ. ಫೋನ್ ಮಾತ್ರ ಹಾಗೇ ಬಿಸಿಯಾಗುತ್ತಲೇ ಇರುತ್ತದೆ.

ಮೊದಲು ಆ ಕೂಲರ್ ಆ್ಯಪ್ ವಿಷಯ ಮುಗಿಸಿಬಿಡೋಣ. ಸಾಫ್ಟ್‌ವೇರ್‌ನಿಂದ ಫೋನ್ ತಣ್ಣಗಾಗಲು ಇರುವುದು ಒಂದೇ ದಾರಿ, ಕೆಲಸ ಕಡಿಮೆ ಮಾಡುವುದು. ಈ ಆ್ಯಪ್‌ಗಳು ಮಾಡುವುದೇನು? ಹಿಂದೆ ಕೂತ ಆ್ಯಪ್‌ಗಳನ್ನು ಮುಚ್ಚುತ್ತವೆ. ಅವುಗಳಲ್ಲಿ ಅರ್ಧ ಸ್ವಲ್ಪ ಹೊತ್ತಿಗೆ ತಾವೇ ಮತ್ತೆ ಎದ್ದು ಕೂರುತ್ತವೆ, ಹೊಸದಾಗಿ ಶುರುವಾಗಲು ಇನ್ನಷ್ಟು ಕರೆಂಟ್ ತಿನ್ನುತ್ತವೆ. ಪರದೆ ಮೇಲೆ ಹಿಮದ ಹರಳು ಉದುರುವ ಅನಿಮೇಷನ್, ಅದರ ಹಿಂದೆಯೇ ಒಂದು ವಿಡಿಯೋ ಜಾಹೀರಾತು. ಬಿಸಿ ಇಳಿಸಲು ಬಂದವರು ಬಿಸಿ ಏರಿಸಿ ಹೋಗುತ್ತಾರೆ. ತೆಗೆದುಹಾಕಿ, ಅಷ್ಟೇ.

ಇನ್ನು ಪ್ರೊಸೆಸರ್, ಅಂದರೆ ಫೋನಿನ ಕೆಲಸವನ್ನೆಲ್ಲ ನಡೆಸುವ ಮುಖ್ಯ ಚಿಪ್‌ನ (ಸಿಪಿಯು) ಟೆಂಪರೇಚರ್. ಸಿಪಿಯು-ಝಡ್, ಡೆವ್‌ಚೆಕ್, ಐಡಾ64 ಥರದ ಆ್ಯಪ್‌ಗಳಲ್ಲಿ 'ಥರ್ಮಲ್' ಅಂತ ಒಂದು ಭಾಗ ಇರುತ್ತದೆ. ತೆರೆದರೆ ಹೆಸರೇ ಅರ್ಥವಾಗದ ಉದ್ದದ ಪಟ್ಟಿ. ಯಾಕೆಂದರೆ ಫೋನಿನೊಳಗೆ ಬಿಸಿ ಅಳೆಯುವ ಸೆನ್ಸರ್ ಒಂದಲ್ಲ, ಹಲವು. ಸಿಪಿಯು ಕೋರ್‌ಗಳಿಗೆ ಬೇರೆ, ಗ್ರಾಫಿಕ್ಸ್‌ಗೆ ಬೇರೆ, ಸಿಗ್ನಲ್ ನೋಡಿಕೊಳ್ಳುವ ಮೋಡೆಮ್‌ಗೆ ಬೇರೆ, ಚಾರ್ಜಿಂಗ್ ಚಿಪ್‌ಗೆ ಬೇರೆ, ಬ್ಯಾಟರಿಗೆ ಬೇರೆ. ಯಾವ ಹೆಸರು ಯಾವುದಕ್ಕೆ ಎನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಸಾಲದ್ದಕ್ಕೆ ಈಚಿನ ಆಂಡ್ರಾಯ್ಡ್‌ಗಳಲ್ಲಿ ಹೊರಗಿನ ಆ್ಯಪ್‌ಗಳಿಗೆ ಈ ಸೆನ್ಸರ್‌ಗಳ ಬಾಗಿಲು ಬಹುಪಾಲು ಮುಚ್ಚಿದೆ. ಹಾಗಾಗಿ ಒಂದೇ ಫೋನಿನಲ್ಲಿ ಎರಡು ಆ್ಯಪ್ ಎರಡು ನಂಬರ್ ತೋರಿಸಿದರೆ ತಲೆಕೆಡಿಸಿಕೊಳ್ಳಬೇಡಿ. ಕೆಲವಂತೂ ಬ್ಯಾಟರಿಯ ಬಿಸಿಯನ್ನೇ 'ಸಿಪಿಯು' ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಐಫೋನ್‌ನಲ್ಲಿ ಆ ತಾಪತ್ರಯವೂ ಇಲ್ಲ. ಆಪಲ್ ಯಾವ ಆ್ಯಪ್‌ಗೂ ಡಿಗ್ರಿ ಲೆಕ್ಕ ಕೊಡುವುದಿಲ್ಲ, ಎಷ್ಟು ಕಾವೇರಿದೆ ಎನ್ನುವುದನ್ನು ನಾಲ್ಕು ಹಂತಗಳಲ್ಲಿ ಹೇಳಿ ಸುಮ್ಮನಾಗುತ್ತದೆ.

ಒಂದು ವೇಳೆ ಸರಿಯಾದ ನಂಬರೇ ಸಿಕ್ಕಿತು ಅಂದುಕೊಳ್ಳಿ. 78 ಅಂತ ಕಂಡಿತು. ಏನು ಮಾಡುತ್ತೀರಿ? ಗೇಮ್ ಶುರುವಾಗುವಾಗ, ಕ್ಯಾಮೆರಾ ತೆರೆದಾಗ ಚಿಪ್‌ನ ಒಳಗಿನ ಬಿಸಿ ಒಂದೆರಡು ಕ್ಷಣ 80 ದಾಟುವುದು ಸಾಮಾನ್ಯ. ಚಿಪ್‌ಗೆ ಅದು ಹೆಚ್ಚೇನಲ್ಲ, ಅದನ್ನು ತಡೆಯುವಂತೆಯೇ ಮಾಡಿರುತ್ತಾರೆ. ಹೆಚ್ಚಾದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಇದಕ್ಕೆ ಏಳು ಹಂತಗಳಿವೆ, 'ಏನೂ ಇಲ್ಲ' ಎನ್ನುವುದರಿಂದ ಹಿಡಿದು 'ಫೋನ್ ಆಫ್' ಎನ್ನುವವರೆಗೆ. ನಿಮಗೆ ಕಾಣುವುದು ಅದರ ಪರಿಣಾಮ ಮಾತ್ರ. ಬ್ರೈಟ್‌ನೆಸ್ ತಾನಾಗಿ ಇಳಿಯುತ್ತದೆ, ಫ್ಲ್ಯಾಶ್ ಹೊತ್ತುವುದಿಲ್ಲ, ಚಾರ್ಜ್ ನಿಧಾನವಾಗುತ್ತದೆ, ಗೇಮ್ ತಡವರಿಸುತ್ತದೆ. ಫೋನ್ ಹಾಳಾಯಿತು ಅಂತ ಜನ ಅಂಗಡಿಗೆ ಓಡುತ್ತಾರೆ. ಅದು ಹಾಳಾದದ್ದಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವುದು.

ತನ್ನನ್ನು ಕಾಪಾಡಿಕೊಳ್ಳಲು ಆಗದೆ ಇರುವುದು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿಯ ಒಳಗೆ ನಡೆಯುವುದು ರಸಾಯನ ಕ್ರಿಯೆ. ಬಿಸಿ ಹೆಚ್ಚಾದಷ್ಟೂ ಬೇಡದ ಕ್ರಿಯೆಗಳೂ ಹೆಚ್ಚು, ಅದು ಬೇಗ ಮುದಿಯಾಗುತ್ತದೆ. ಫುಲ್ ಚಾರ್ಜ್ ಮತ್ತು ಬಿಸಿ ಎರಡೂ ಒಟ್ಟಿಗೆ ಬಿದ್ದರೆ ಇನ್ನೂ ಕೆಟ್ಟದ್ದು. ಎರಡು ವರ್ಷಕ್ಕೇ "ಚಾರ್ಜ್ ನಿಲ್ತಾ ಇಲ್ಲ" ಎನ್ನುವವರ ಫೋನಿನ ಕತೆ ಬಹಳಷ್ಟು ಸಲ ಇದೇ.

ಖುಷಿಯ ವಿಷಯ ಅಂದರೆ, ಆಂಡ್ರಾಯ್ಡ್‌ನಲ್ಲಿ ನಂಬಬಹುದಾದ ನಂಬರ್ ಸಿಗುವುದೂ ಬ್ಯಾಟರಿಯದ್ದೇ. ಇದನ್ನು ಯಾವ ಆ್ಯಪ್ ಬೇಕಾದರೂ ಕೇಳಿ ಪಡೆಯಬಹುದು. ಸಿಪಿಯು-ಝಡ್‌ನ ಬ್ಯಾಟರಿ ಭಾಗ ಸಾಕು, ಅಕ್ಯುಬ್ಯಾಟರಿಯಲ್ಲೂ ಕಾಣುತ್ತದೆ. ಕೆಲವು ಫೋನ್‌ಗಳಲ್ಲಿ ಡಯಲರ್‌ನಲ್ಲಿ *#*#4636#*#* ಒತ್ತಿದರೆ ಬರುವ ಮೆನುವಿನಲ್ಲೂ ಇರುತ್ತದೆ. ಎಲ್ಲಾದರೂ 385 ಅಂತ ಕಂಡರೆ ಹೆದರಬೇಡಿ, ಆಂಡ್ರಾಯ್ಡ್ ಒಳಗೊಳಗೆ ಹತ್ತನೇ ಒಂದರ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ, ಅದು 38.5 ಡಿಗ್ರಿ. ನನ್ನ ಲೆಕ್ಕ ಹೀಗೆ: 35ರವರೆಗೆ ಮರೆತುಬಿಡಿ. 40ರ ಆಸುಪಾಸು, ಬೇಸಿಗೆಯಲ್ಲಿ ಕೆಲಸ ಮಾಡುತ್ತಿದ್ದರೆ ಸರಿ. 40 ದಾಟಿ ಅಲ್ಲೇ ನಿಂತರೆ ಏನಾದರೂ ಮಾಡಿ. 45 ಆಗಿದ್ದರೆ ಚಾರ್ಜರ್ ಕೀಳಿ, ಬೇರೆ ಮಾತಿಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ಆಪಲ್ ತನ್ನ ಐಫೋನ್ ಬಳಸಲು ಹೇಳುವ ಸುತ್ತಲಿನ ತಾಪಮಾನ 0ಯಿಂದ 35 ಡಿಗ್ರಿ. ಇದು ಗುಟ್ಟಲ್ಲ, ಅವರೇ ಬರೆದಿರುವುದು. ಹಾಗಾದರೆ ಕಲಬುರಗಿಯ ಏಪ್ರಿಲ್ ಮಧ್ಯಾಹ್ನ? 40 ದಾಟುವುದು ನಮಗೆ ಸುದ್ದಿಯೇ ಅಲ್ಲ. ಅಂದರೆ ನಮ್ಮ ಕಡೆ ವರ್ಷದ ಒಂದು ಭಾಗ ಪೂರ್ತಿ, ಹಗಲು ಹೊತ್ತು, ಫೋನ್ ಬಳಕೆ ಕೈಪಿಡಿಯ ಹೊರಗೇ ನಡೆಯುತ್ತದೆ.

ಇದು ಬರೀ ಕಾಗದದ ಮಾತಲ್ಲ. ಲ್ಯಾಪ್‌ಟಾಪ್‌ಗೆ ಫ್ಯಾನ್ ಇದೆ, ಫೋನಿಗೆ ಇಲ್ಲ. ಒಳಗಿನ ಬಿಸಿ ಮೈಯ ಮೂಲಕವೇ ಗಾಳಿಗೆ ಹೋಗಬೇಕು. ಹೆಚ್ಚು ಹೊತ್ತು ತಡೆದುಕೊಳ್ಳಬಲ್ಲದ್ದು ಸುಮಾರು ಮೂರರಿಂದ ಐದು ವಾಟ್. ಎಷ್ಟು ಬಿಸಿ ಹೊರಹೋಗುತ್ತದೆ ಎನ್ನುವುದು ಮೈಗೂ ಗಾಳಿಗೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ಕೈಯಲ್ಲಿ ಹಿಡಿಯಲು ಆಗಬೇಕಲ್ವಾ, ಹಾಗಾಗಿ ಫೋನಿನ ಮೈ 45 ಡಿಗ್ರಿಗಿಂತ ಮೇಲೆ ಹೋಗಬಾರದು ಅಂದುಕೊಳ್ಳಿ. ಬೆಂಗಳೂರಿನಲ್ಲಿ 25 ಡಿಗ್ರಿಯ ಕೋಣೆಯಲ್ಲಿ ವ್ಯತ್ಯಾಸ 20. ಕಲಬುರಗಿಯಲ್ಲಿ 41 ಇದ್ದಾಗ ವ್ಯತ್ಯಾಸ ಬರೀ 4. ಅದೇ ಫೋನ್, ಅದೇ ಗೇಮ್, ಆದರೆ ಹೊರಹೋಗುವ ಬಿಸಿ ಹೆಚ್ಚುಕಮ್ಮಿ ಐದನೇ ಒಂದು ಭಾಗ. ಇನ್ನು ಥ್ರಾಟ್ಲಿಂಗ್ ಆಗದೆ ಇರಲು ಸಾಧ್ಯವಾ?

ಆದರೂ ರಿವ್ಯೂಗಳನ್ನು ನೋಡಿ. ಎಸಿ ಕೋಣೆಯಲ್ಲಿ ಕೂತು ವೇಗ ಅಳೆಯುವ ಅಂತುತು ಆ್ಯಪ್‌ನ ಸ್ಕೋರ್ ಓದುತ್ತಾರೆ. ಮೊದಲ ಕೆಲವು ನಿಮಿಷದ ಓಟದ ಲೆಕ್ಕ ಅದು. ಕೊಳ್ಳುವವರು ಕೇಳಬೇಕಾದದ್ದು ಬೇರೆ: 20 ನಿಮಿಷದ ಮೇಲೂ ಆ ವೇಗ ಎಷ್ಟು ಉಳಿಯಿತು? 3ಡಿ ಮಾರ್ಕ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಒಂದು ನಿಮಿಷದ ಪರೀಕ್ಷೆಯನ್ನು 20 ಸಲ ಓಡಿಸಿ, ಕೊನೆಗೆ ಸ್ಟೆಬಿಲಿಟಿ ಶೇಕಡಾ ಎಷ್ಟು ಅಂತ ಹೇಳುತ್ತದೆ. ದೊಡ್ಡ ಸ್ಕೋರ್ ತೋರಿಸಿ ಸ್ಟೆಬಿಲಿಟಿಯಲ್ಲಿ ಕುಸಿಯುವ ಫೋನಿಗಿಂತ ಮಧ್ಯಮ ಸ್ಕೋರಿನ, ಒಂದೇ ಸಮ ಓಡುವ ಫೋನ್ ನಮ್ಮ ಕಡೆಗೆ ವಾಸಿ. ಕನ್ನಡದ ಟೆಕ್ ಚಾನೆಲ್‌ನವರಲ್ಲಿ ನನ್ನ ಕೋರಿಕೆ ಒಂದೇ. ಮೇ ತಿಂಗಳಲ್ಲಿ ಒಂದು ಸಲ ರಾಯಚೂರಿಗೆ ಬಂದು, ಮರದ ನೆರಳಲ್ಲಿ ಕೂತು ಈ ಪರೀಕ್ಷೆ ಮಾಡಿ ತೋರಿಸಿ. ಮಜ್ಜಿಗೆ ನಮ್ಮ ಕಡೆಯಿಂದ.

ಕಂಪನಿಗಳಿಗೆ ಇದೆಲ್ಲ ಗೊತ್ತಿಲ್ಲ ಎಂದಲ್ಲ. 2015ರಲ್ಲಿ ಕ್ವಾಲ್ಕಾಮ್ ಕಂಪನಿಯ ಪ್ರೊಸೆಸರ್ ಸ್ನಾಪ್‌ಡ್ರಾಗನ್ 810 ಬಿಸಿಗೆ ಹೆಸರಾಗಿ, ಆ ವರ್ಷ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್6ಗೆ ತನ್ನದೇ ಎಕ್ಸಿನಾಸ್ ಪ್ರೊಸೆಸರ್ ಹಾಕಿಕೊಂಡಿತು. ಸ್ನಾಪ್‌ಡ್ರಾಗನ್ 8 ಜೆನ್ 1 ಮೇಲೂ ಅದೇ ದೂರು. 2022ರಲ್ಲಿ ಬಂದ 8 ಪ್ಲಸ್ ಜೆನ್ 1 ಅನ್ನು ಸ್ಯಾಮ್‌ಸಂಗ್ ಬದಲು ಟಿಎಸ್‌ಎಂಸಿ ಕಾರ್ಖಾನೆಯಲ್ಲಿ ಮಾಡಿಸಿದರು, ಬಿಸಿ ಚೆನ್ನಾಗಿಯೇ ಇಳಿಯಿತು. ಅದೇ 2022ರಲ್ಲಿ ಗ್ಯಾಲಕ್ಸಿ ಎಸ್22 ಗೇಮ್‌ಗಳಲ್ಲಿ ವೇಗ ಇಳಿಸಿ, ಅಳೆಯುವ ಆ್ಯಪ್‌ಗಳಲ್ಲಿ ಮಾತ್ರ ಪೂರ್ತಿ ಓಡುತ್ತದೆ ಎನ್ನುವುದು ಬಯಲಾಗಿ, ಅಂಥದ್ದೇ ಒಂದು ಆ್ಯಪ್ ಆದ ಗೀಕ್‌ಬೆಂಚ್ ತನ್ನ ಪಟ್ಟಿಯಿಂದ ಅದನ್ನು ತೆಗೆಯಿತು. 2023ರಲ್ಲಿ ಐಫೋನ್ 15 ಪ್ರೊ ಕಾಯುತ್ತಿದೆ ಎಂಬ ಗಲಾಟೆಯಾದಾಗ ಆಪಲ್ ಐಓಎಸ್ 17.0.3 ಕೊಟ್ಟು ಸರಿ ಮಾಡಿತು. ಆಗ ಕಾರಣಗಳಲ್ಲಿ ಇನ್‌ಸ್ಟಾಗ್ರಾಂ, ಊಬರ್ ಆ್ಯಪ್‌ಗಳ ಹೆಸರೂ ಬಂದಿತ್ತು. ಅದಕ್ಕೇ ಹೇಳುವುದು, ಇದ್ದಕ್ಕಿದ್ದಂತೆ ಫೋನ್ ಕಾಯತೊಡಗಿದರೆ ಮೊದಲು ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗಕ್ಕೆ ಹೋಗಿ ಯಾವ ಆ್ಯಪ್ ತಿನ್ನುತ್ತಿದೆ ನೋಡಿ. ಹೊಸ ಫೋನ್, ಅಥವಾ ದೊಡ್ಡ ಅಪ್‌ಡೇಟ್ ಆದ ಮೊದಲ ಒಂದೆರಡು ದಿನವಾದರೆ ಬಿಡಿ. ಫೋಟೋ ಜೋಡಿಸುವುದು, ಬ್ಯಾಕಪ್ ಮಾಡುವುದು ನಡೆದಿರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ.

ಜನ ಗಮನಿಸದ ಇನ್ನೊಂದು ಕಾರಣ ಸಿಗ್ನಲ್. ಟವರ್ ದೂರವಿದ್ದರೆ ಫೋನ್ ಗಂಟಲು ಹರಿದುಕೊಂಡು ಕೂಗಬೇಕಾಗುತ್ತದೆ. ಹೊರಡುವ ಸಿಗ್ನಲ್ 4ಜಿಯಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 0.2 ವಾಟ್ ಇರಬಹುದು, ಆದರೆ ಅದನ್ನು ಹುಟ್ಟಿಸಲು ಒಳಗೆ ಅದರ ಹಲವು ಪಟ್ಟು ಕರಗುತ್ತದೆ. ಮಲೆನಾಡಿನಲ್ಲಿ ತಂಪು ಹವೆಯಲ್ಲೂ ಜೇಬಿನ ಫೋನ್ ಬೆಚ್ಚಗಿರುವುದು, ಬ್ಯಾಟರಿ ಸಂಜೆಯೊಳಗೆ ಮುಗಿಯುವುದು ಇದರಿಂದಲೇ. 5ಜಿ ಬರುತ್ತಾ ಹೋಗುತ್ತಾ ಇರುವ ಜಾಗದಲ್ಲಿ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಕಟ್ಟಿಹಾಕಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಹಾಟ್‌ಸ್ಪಾಟ್ ಕೂಡ ಇದೇ ಜಾತಿ.

ಇದೆಲ್ಲದರಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು ಗೇಮ್ ಆಡುವವರಲ್ಲ, ಡೆಲಿವರಿ ಹುಡುಗರು ಮತ್ತು ಆಟೋದವರು. ಅವರ ಫೋನ್ ನೋಡಿ. ಹ್ಯಾಂಡಲ್ ಮೇಲೆ, ಮಧ್ಯಾಹ್ನದ ಬಿಸಿಲಿಗೆ ಮುಖ ಮಾಡಿ. ಬಿಸಿಲಲ್ಲಿ ಕಾಣಲಿ ಅಂತ ಬ್ರೈಟ್‌ನೆಸ್ ಪೂರ್ತಿ. ಜಿಪಿಎಸ್, ಡೇಟಾ ಸದಾ ಆನ್. ಪವರ್ ಬ್ಯಾಂಕ್‌ನಿಂದ ಚಾರ್ಜ್ ಬೇರೆ. ಮೇಲೆ ಪ್ಲಾಸ್ಟಿಕ್ ಚೀಲ, ಗಾಳಿಯೂ ತಾಗದಂತೆ. ಒಂದು ಲೆಕ್ಕ ಹೇಳುತ್ತೇನೆ. ನೆತ್ತಿ ಮೇಲಿನ ಬಿಸಿಲು ಒಂದು ಚದರ ಮೀಟರ್‌ಗೆ ಸುಮಾರು 1000 ವಾಟ್. ಫೋನಿನ ಮುಖ 16 ಸೆಂಟಿಮೀಟರ್ ಉದ್ದ, ಏಳೂವರೆ ಅಗಲ. ಅಂದರೆ ಸುಮಾರು 12 ವಾಟ್ ಬಿಸಿಲು ಅದರ ಮೇಲೆ ಬೀಳುತ್ತದೆ. ಕಪ್ಪು ಗಾಜು ಅದರಲ್ಲಿ ಬಹುಪಾಲನ್ನು ನುಂಗುತ್ತದೆ. ಪ್ರೊಸೆಸರ್ ಹುಟ್ಟಿಸುವ ಬಿಸಿಗಿಂತ ಸೂರ್ಯ ಸುರಿಯುವುದೇ ಜಾಸ್ತಿ! ಇಂಥ ಕಡೆ ಪ್ರೊಸೆಸರ್ ಟೆಂಪರೇಚರ್ ನೋಡಿ ಏನು ಮಾಡುವುದು? ಬೇಕಾದದ್ದು ಅಂಗೈಯಗಲ ನೆರಳು. ಹ್ಯಾಂಡಲ್ ಹೋಲ್ಡರ್‌ಗೆ ಒಂದು ಪುಟ್ಟ ಚಾವಣಿ ಕಟ್ಟಿಕೊಂಡವರನ್ನು ನೋಡಿದ್ದೇನೆ, ಅವರೇ ಜಾಣರು. ಆ ಪ್ಲಾಸ್ಟಿಕ್ ಚೀಲ ಮಳೆಗಾಲಕ್ಕೆ ಇರಲಿ. ಮ್ಯಾಪ್‌ನ ದನಿಯನ್ನು ಕಿವಿಗೆ ಹಾಕಿಕೊಂಡು ಪರದೆ ಮಂಕು ಮಾಡಿದರೆ ಇನ್ನೂ ಒಳ್ಳೆಯದು, ಆದರೆ ಒಂದೇ ಕಿವಿಗೆ. (ಬೈಕ್ ಹ್ಯಾಂಡಲ್‌ನ ನಡುಕ ಐಫೋನ್ ಕ್ಯಾಮೆರಾಗೂ ಒಳ್ಳೆಯದಲ್ಲ ಅಂತ ಆಪಲ್ 2021ರಲ್ಲೇ ಹೇಳಿದೆ.) ಮಧ್ಯಾಹ್ನ ಫೋನ್ ಬಿಸಿಯಾಗಿ ಆಫ್ ಆದರೆ ಆರ್ಡರ್ ಹೋಯಿತು, ಆ ಹೊತ್ತಿನ ಸಂಪಾದನೆ ಹೋಯಿತು. ಈ ಫೋನ್ ಇಲ್ಲದೆ ನಡೆಯದ ಕೆಲಸ ಕೊಡುವವರು ಟೀ ಶರ್ಟ್, ಚೀಲದ ಜೊತೆ ನೆರಳಿರುವ ಒಂದು ಹೋಲ್ಡರ್ ಕೊಟ್ಟರೆ ಅವರ ಗಂಟೇನೂ ಹೋಗುವುದಿಲ್ಲ.

ಫೋನ್ ಕಾದಾಗ ಮಾಡಬೇಕಾದದ್ದು ಸರಳ. ಚಾರ್ಜರ್ ಕೀಳಿ, ಬ್ಯಾಕ್ ಕವರ್ ತೆಗೆಯಿರಿ, ನೆರಳಿಗೆ ತಂದು ಫ್ಯಾನ್ ಕೆಳಗೆ ಇಡಿ, ಪರದೆ ಆರಿಸಿ. ಅವಸರವಿಲ್ಲದಿದ್ದರೆ ಏರ್‌ಪ್ಲೇನ್ ಮೋಡ್ ಹಾಕಿ. ಹಾಸಿಗೆ ಮೇಲೆ ಬೇಡ, ನೆಲ ಅಥವಾ ಕಲ್ಲಿನ ಕಟ್ಟೆ ಒಳ್ಳೆಯದು. ಫ್ರಿಜ್ಜಿನಲ್ಲಿ ಇಡುವ ಮಹಾನುಭಾವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ತಣ್ಣಗಾದ ಫೋನ್ ಹೊರಗೆ ಬಂದಾಗ ಒಳಗೂ ಹೊರಗೂ ನೀರಿನ ಹನಿ ಕಟ್ಟುತ್ತದೆ, ಬಿಸಿಗಿಂತ ಅದು ಅಪಾಯ. ಬೆನ್ನಿಗೆ ಅಂಟಿಸುವ ಕೂಲರ್‌ಗಳು ಗೇಮ್ ಆಡುವವರಿಗೆ ಕೆಲಸಕ್ಕೆ ಬರುತ್ತವೆ, ಆದರೆ ಮಂಗಳೂರಿನಂಥ ತೇವದ ಊರಲ್ಲಿ ಅಲ್ಲೂ ಹನಿ ಕಟ್ಟಬಹುದು. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಫೋನ್ ಬಿಟ್ಟು ಹೋಗುವುದಂತೂ ಬೇಡವೇ ಬೇಡ. ಹೊರಗೆ 35 ಇದ್ದರೂ ಒಳಗೆ 50 ದಾಟುತ್ತದೆ.

ಚಾರ್ಜಿಂಗ್ ವಿಷಯದಲ್ಲಿ ಉಪದೇಶ ಮಾಡಲು ನನಗೆ ಸ್ವಲ್ಪ ಮುಜುಗರ. "ತಂಪು ಹೊತ್ತಿನಲ್ಲಿ ಚಾರ್ಜ್ ಮಾಡಿ" ಅನ್ನುವುದು ಸುಲಭ. ಹಳ್ಳಿಗಳಲ್ಲಿ ಕರೆಂಟ್ ಬಂದಾಗ ತಾನೇ ಚಾರ್ಜಿಗೆ ಹಾಕುವುದು? ಆಯ್ಕೆ ಇರುವವರಾದರೂ ಬೆಳಿಗ್ಗೆ ಎದ್ದ ಕೂಡಲೇ ಹಾಕಿ. ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಬೇಸಿಗೆಯಲ್ಲಿ ಆನ್ ಮಾಡಿ. ಅವಸರವಿಲ್ಲದಾಗ ಫಾಸ್ಟ್ ಚಾರ್ಜಿಂಗ್ ಬೇಡ. ವೈರ್‌ಲೆಸ್ ಚಾರ್ಜಿಂಗ್ ಇನ್ನೂ ಬೇಡ, ಅದರಲ್ಲಿ ಕರೆಂಟಿನ ಒಂದಷ್ಟು ಭಾಗ ಬಿಸಿಯಾಗಿಯೇ ಸೋರುತ್ತದೆ. ಚಾರ್ಜಿಗಿಟ್ಟ ಫೋನಿನಲ್ಲೇ ವಿಡಿಯೋ ಕಾಲ್ ಮಾಡುತ್ತಾ ಕೂರಬೇಡಿ. ದಿಂಬಿನ ಕೆಳಗೆ ಇಟ್ಟು ಮಲಗುವ ಅಭ್ಯಾಸ ಮನೆಯಲ್ಲಿ ಯಾರಿಗಿದ್ದರೂ ಇವತ್ತೇ ಬಿಡಿಸಿ.

ಕೊನೆಯದು, ಇದನ್ನು ಮಾತ್ರ ಮುಂದೂಡಬೇಡಿ. ಫೋನ್ ಸುಮ್ನೆ ಇದ್ದಾಗಲೂ ಕಾಯುತ್ತಿದ್ದರೆ, ಹಿಂಬದಿ ಉಬ್ಬಿದ್ದರೆ, ಪರದೆಯ ಅಂಚು ಮೇಲೆದ್ದಿದ್ದರೆ, ಮೇಜಿನ ಮೇಲೆ ಇಟ್ಟಾಗ ಫೋನ್ ಅಲ್ಲಾಡುತ್ತಿದ್ದರೆ, ಬ್ಯಾಟರಿ ಊದಿಕೊಂಡಿರಬಹುದು. ಒಳಗೆ ಗ್ಯಾಸ್ ತುಂಬಿರುತ್ತದೆ. ಒತ್ತಿ ಸರಿ ಮಾಡಲು, ಚುಚ್ಚಲು ಹೋಗಬೇಡಿ. ಆಫ್ ಮಾಡಿ, ಮತ್ತೆ ಚಾರ್ಜಿಗೆ ಹಾಕಬೇಡಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಡೇಟಾ ಉಳಿಸಿಕೊಳ್ಳಲು "ಇನ್ನೊಂದೇ ಸಲ ಚಾರ್ಜ್ ಮಾಡ್ತೀನಿ" ಅನ್ನುವುದೂ ಬೇಡ, ಹೊಸ ಬ್ಯಾಟರಿ ಹಾಕಿದ ಮೇಲೆ ಡೇಟಾ ಅಲ್ಲೇ ಇರುತ್ತದೆ. ತೆಗೆದ ಹಳೆಯ ಬ್ಯಾಟರಿಯನ್ನು ಅಂಗಡಿಯವರಿಗೇ ಬಿಡಿ, ಮನೆಯ ಕಸದ ಬುಟ್ಟಿಗೆ ಹಾಕಬೇಡಿ. ಕಸದ ಗಾಡಿಯಲ್ಲಿ ಅದು ಜಜ್ಜಿ ಹೋದರೆ ಬೆಂಕಿ ಹೊತ್ತಬಹುದು.