ಮೊಲದ ಟ್ಯಾಕ್ಸಿ

ಅಮೆರಿಕದಿಂದ ಬಂದು ಹದಿನೈದು ದಿನ ಆಗಿತ್ತು. ಕಾಸರಗೋಡು ಕಡೆಯ ನಮ್ಮ ಬದಿಯಡ್ಕ ಪೇಟೆಗೆ ಇಳಿದರೆ ಸಾಕು, ಯಾರಾದರೊಬ್ಬರು ಹಿಡಿದು ನಿಲ್ಲಿಸಿ "ಮಾಷ್ಟ್ರೇ, ಅಲ್ಲಿ ಎಂತ ನೋಡಿದ್ರಿ?" ಎಂದು ಕೇಳುತ್ತಿದ್ದರು. ದೊಡ್ಡ ಸೇತುವೆ, ದೊಡ್ಡ ರಸ್ತೆ ಎಂದರೆ ಸುಮ್ನೆ ತಲೆ ಆಡಿಸುತ್ತಾರೆ. ಅದನ್ನೆಲ್ಲ ಅವರು ಫೋನಿನಲ್ಲೇ ನೋಡಿ ಆಗಿದೆ. "ಮೊಲದ ಟ್ಯಾಕ್ಸಿಯಲ್ಲಿ ಕೂತು ಕತ್ತಲಲ್ಲಿ ಗಿರಗಿರ ತಿರುಗಿದೆ" ಎಂದರೆ ಮಾತ್ರ ಮುಖ ಅರಳುತ್ತದೆ. ಈ ಪ್ರಾಯದಲ್ಲಿ ಇದೆಲ್ಲ ಬೇಕಿತ್ತಾ ಎಂಬ ಪ್ರಶ್ನೆಯೂ ಅದೇ ಮುಖದಲ್ಲಿ ಇರುತ್ತದೆ.

ನನ್ನನ್ನು ಕೇಳಿದವರು ಯಾರು? ಎಂಟು ವರ್ಷದ ಪುಳ್ಳಿ, ಅಂದರೆ ಮೊಮ್ಮಗ, ಕೈ ಹಿಡಿದು ಎಳೆದ, ಹೋದೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನೊಳಗೆ ಟೂನ್‌ಟೌನ್ ಎಂಬ ಊರು ಉಂಟು. ಕಾರ್ಟೂನುಗಳೇ ಒಕ್ಕಲಿರುವ ಊರು. ಗೋಡೆ, ಕಿಟಕಿ, ಕಂಬ ಎಲ್ಲ ಮಕ್ಕಳು ಸ್ಲೇಟಿನಲ್ಲಿ ಗೀಚಿದ ಹಾಗೆ ಸೊಟ್ಟ. ಅಲ್ಲಿ 1994ರಿಂದ ಓಡುತ್ತಿರುವ ಆಟದ ಹೆಸರು ರೋಜರ್ ರ‍್ಯಾಬಿಟ್ಸ್ ಕಾರ್ ಟೂನ್ ಸ್ಪಿನ್. ರೋಜರ್ ಎಂದರೆ 1988ರ ಸಿನಿಮಾ ಒಂದರ ಮೊಲ. ಗಾಡಿ ತಿರುಗುತ್ತದೆ ಎಂದು ಕೇಳಿದ ಕೂಡಲೇ ನನ್ನ ಹೆಂಡತಿ ಬೆಂಚು ಹುಡುಕಿದಳು. "ನನ್ನ ತಲೆ ದುಡ್ಡು ಕೊಡದೆಯೇ ತಿರುಗ್ತದೆ. ನೀವು ಹೋಗಿ ಬನ್ನಿ."

ಕ್ಯೂ ಉದ್ದ ಇತ್ತು. ಒಳಗೆ ಮಬ್ಬುಗತ್ತಲೆಯ ಓಣಿಯಲ್ಲಿ ಸುತ್ತಿ ಸುತ್ತಿ ಹೋಗುತ್ತದೆ. ಒಂದು ಕಡೆ ಗೋಡೆ ತುಂಬ ಗಾಡಿಗಳ ನಂಬರ್ ಪ್ಲೇಟು. ಒಂದರಲ್ಲಿ ಅಂಕಿ 2, ಅದರ ಹತ್ತಿರ ಇಂಗ್ಲಿಷಿನ ಎನ್, ಮತ್ತೆ ಟೌನ್. ಒಟ್ಟಿಗೆ ಓದಿದರೆ ಟೂನ್‌ಟೌನ್! ಇನ್ನೊಂದರಲ್ಲಿ 'ಐ ಆಮ್ ಲೇಟ್'. ಆಲಿಸಳ ಕಥೆಯಲ್ಲಿ ಗಡಿಯಾರ ಹಿಡಿದು ಓಡುವ ಬಿಳಿ ಮೊಲದ ಗಾಡಿ ಅದು. ನಮ್ಮಲ್ಲಿ ಕೆಎಲ್ 14 ಎಂದು ಕಂಡರೆ ಕಾಸರಗೋಡಿನ ಗಾಡಿ ಎಂದು ಗೊತ್ತಾಗುತ್ತದೆ, ಅಷ್ಟೇ. ನಗು ಬರುವುದಿಲ್ಲ.

ನಿಂತಲ್ಲೇ ಯೋಚಿಸಿದೆ. ಈ ಆಟಕ್ಕೆ ಕನ್ನಡದ ಅಂಕಿಗಳು ಏನು ಕಮ್ಮಿ? 'ಬೇಗ 7' ಎಂದು ಬರೆದು ಸೋಮಾರಿಗಳ ಮಂಚಕ್ಕೆ ತೂಗು ಹಾಕಬಹುದು. 'ಬೇಗ 10' ಎಂದು ಬಸ್ಸಿನ ಬಾಗಿಲಿಗೆ. ಪುಳ್ಳಿಗೆ ಹೇಳಿದೆ. ಅವನಿಗೆ ಹತ್ತು ಎಂದರೆ ಬೆರಳು ಎಣಿಸುವ ಹತ್ತು ಮಾತ್ರ. ಅರ್ಥ ಆಗುವಾಗ ನಾವು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದೆವು, ಅಲ್ಲಿ ಒಮ್ಮೆಲೇ ನಕ್ಕ. ನಮ್ಮ ಬಸ್ಸಿನಲ್ಲಿ ಇದನ್ನು ಬರೆದರೆ ಇನ್ನೊಂದು ಲಾಭವೂ ಉಂಟು. ಮಲಯಾಳದವರು 'ಪತ್ತ್' ಎಂದು ಓದಿ ಕೆಳಗೇ ನಿಲ್ಲುತ್ತಾರೆ, ನಮಗೆ ಸೀಟು ಸಿಗುತ್ತದೆ.

ಟ್ಯಾಕ್ಸಿ ಬಂತು. ಹಳದಿ ಬಣ್ಣ, ಎದುರಲ್ಲಿ ದೊಡ್ಡ ಕಣ್ಣು. ಕೈಗೆ ಒಂದು ಸ್ಟೇರಿಂಗು. ಆದರೆ ಹೋಗುವ ದಾರಿ ಅದರ ಕೈಯಲ್ಲಿಲ್ಲ. ಗಾಡಿ ಹಾಕಿದ ಹಳಿಯಲ್ಲೇ ಹೋಗುತ್ತದೆ. ಸ್ಟೇರಿಂಗು ತಿರುಗಿಸಿದರೆ ನಾವು ಕೂತಲ್ಲೇ ಬುಗುರಿಯ ಹಾಗೆ ಸುತ್ತುತ್ತೇವೆ. ಅದೇ ಪಾರ್ಕಿನಲ್ಲಿ 1955ರಿಂದ ಮಕ್ಕಳನ್ನು ಕೂರಿಸಿಕೊಂಡು ತಿರುಗುವ ಚಾ ಕಪ್ಪುಗಳು ಉಂಟು. ಆ ಉಪಾಯವನ್ನೇ ತಂದು ಕತ್ತಲೆಯೊಳಗೆ ಬಿಟ್ಟಿದ್ದಾರೆ. ಮೊದಲು ಸ್ಟೇರಿಂಗು ಜಪ್ಪಯ್ಯ ಎಂದರೂ ಕೇಳಲಿಲ್ಲ. ಸ್ವಲ್ಪ ಮುಂದೆ ಕಳ್ಳರ ಗುಂಪು ದಾರಿಗೆ 'ಡಿಪ್' ಚೆಲ್ಲುತ್ತದೆ. ಟರ್ಪೆಂಟೈನ್, ಅಸಿಟೋನ್, ಬೆಂಜೀನ್ ಬೆರೆಸಿದ ರಸ. ಕಾರ್ಟೂನಿನವರ ತಲೆಗೆ ಬಂಡೆ ಬಿದ್ದರೂ ಏನೂ ಆಗುವುದಿಲ್ಲ, ಅಲ್ವಾ? ಆದರೆ ಬಣ್ಣ ಕರಗಿದರೆ ಕಥೆ ಮುಗಿಯಿತು. ಬಣ್ಣದ ಕೈ ತೊಳೆಯಲು ಟರ್ಪೆಂಟೈನ್ ಹಾಕಿದವರಿಗೆಲ್ಲ ಇದು ಕೂಡಲೇ ಅರ್ಥವಾಗುತ್ತದೆ.

ಡಿಪ್ಪಿನ ಮೇಲೆ ಗಾಡಿ ಜಾರಿತು. ಸ್ಟೇರಿಂಗು ಸಡಿಲವಾಯಿತು. ಪುಳ್ಳಿ ಕಡೆಗೋಲು ಸಿಕ್ಕಿದವರ ಹಾಗೆ ತಿರುಗಿಸಿದ್ದೇ ತಿರುಗಿಸಿದ್ದು.

ನಾನು ಕಂಡದ್ದನ್ನು ಹೇಳುತ್ತೇನೆ. ಪಿಂಗಾಣಿ ಅಂಗಡಿಗೆ ಗೂಳಿ ನುಗ್ಗಿ ತಟ್ಟೆ ಒಡೆಯುವ ಜಾಗ ಬಂತು. ತಟ್ಟೆ ಒಡೆದ ಸದ್ದು ಬೆನ್ನ ಹಿಂದೆ. ನನ್ನ ಎದುರಿಗೆ ಕಪ್ಪು ಗೋಡೆ. ರೋಜರನ ಹೆಂಡತಿ ಜೆಸ್ಸಿಕಾಳನ್ನು ಮೊದಲೆಲ್ಲ ಕಳ್ಳರು ಕಾರಿನ ಡಿಕ್ಕಿಯಲ್ಲಿ ಕಟ್ಟಿ ಹಾಕಿದ್ದರಂತೆ. 2021ರಲ್ಲಿ ಅವಳನ್ನೇ ಪತ್ತೇದಾರಿ ಮಾಡಿ ಉದ್ದ ಕೋಟು ತೊಡಿಸಿದ್ದಾರೆ. ಒಳ್ಳೆಯ ಕೆಲಸ. ನನಗೆ ಸಿಕ್ಕಿದ್ದು ಆ ಕೋಟಿನ ತುದಿ ಮಾತ್ರ. ಸ್ಪಷ್ಟವಾಗಿ ಕಂಡದ್ದು ನನ್ನದೇ ಅಂಗಿ! ಒಳಗೆ ಕಣ್ಣಿಗೆ ಕಾಣದ ನೇರಳೆ ಬೆಳಕು ಬಿಟ್ಟಿರುತ್ತಾರೆ. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪಿಗೆಂದು ಹಾಕಿದ ವಸ್ತು ಅದಕ್ಕೆ ಫಳಫಳ ಹೊಳೆಯುತ್ತದೆ. ನಾನು ಹಾಕಿದ್ದು ಶುದ್ಧ ಬಿಳಿ ಅಂಗಿ. ತಲೆಯಿಲ್ಲದ ಭೂತ ಗಿರಕಿ ಹೊಡೆಯುವುದನ್ನು ಕಂಡು ಹಿಂದಿನ ಗಾಡಿಯ ಮಗು ಕಿರುಚಿತು. ಅದು ಗೂಳಿಗೆ ಹೆದರಿದ್ದು ಎಂದು ಪುಳ್ಳಿ ಹೇಳುತ್ತಾನೆ. ನಾನು ನಂಬುವುದಿಲ್ಲ.

ಹೊರಗೆ ಬಂದರೆ ನೆಲ ನಿಂತಿಲ್ಲ. ಒಳಕಿವಿಯಲ್ಲಿ ಒಂದು ದ್ರವ ಉಂಟು. ನಾವು ನಿಂತರೂ ಅದು ಸ್ವಲ್ಪ ಹೊತ್ತು ಹರಿಯುತ್ತಲೇ ಇರುತ್ತದೆ. ಪುನರ್ಪುಳಿ ಶರಬತ್ತು ನೆನಪಾಯಿತು, ಆ ಊರಲ್ಲಿ ಎಲ್ಲಿಂದ ತರುವುದು? "ಎಂತ ಅಜ್ಜ, ಇನ್ನೊಂದು ಸಲ?" ಎಂದ.

ಆಗ ನಮ್ಮೂರ ಯಕ್ಷಗಾನದ ಪುಂಡುವೇಷದವರು ನೆನಪಾದರು. ಒಂದೇ ಉಸಿರಿಗೆ ಇಪ್ಪತ್ತು ಮೂವತ್ತು ಧೀಂಗಿಣ, ಅಂದರೆ ಹಾರಿ ಹಾರಿ ಗಿರಕಿ, ಹೊಡೆದು, ಮತ್ತೆ ಪದ್ಯಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾರೆ. ನಾವು ಸಭೆಯಲ್ಲಿ ಕೂತು ಎಣಿಸುವಾಗಲೇ ನಮಗೆ ತಲೆ ಸುತ್ತುತ್ತದೆ. ಎರಡನೇ ಸಲ ಸ್ಟೇರಿಂಗು ನಾನೇ ಹಿಡಿದೆ. ಆಟ ಎಲ್ಲಿ ನಡೆಯುತ್ತದೋ ಆ ಕಡೆಗೇ ಮುಖ ಇಟ್ಟುಕೊಂಡೆ. ಗೂಳಿ ಕಂಡಿತು, ಜೆಸ್ಸಿಕಾ ಕಂಡಳು. ಪುಳ್ಳಿ ಮಾತ್ರ ಮುಖ ಸಣ್ಣದು ಮಾಡಿದ. "ಅಜ್ಜ, ನೀವು ತಿರುಗಿಸ್ತಾನೇ ಇಲ್ಲ."

ಆದ್ದರಿಂದಲೇ ಕೊನೆಯ ತೂತು ನನಗೆ ಸರಿಯಾಗಿ ಕಂಡದ್ದು. ತಪ್ಪಿಸಿಕೊಳ್ಳಲು ದಾರಿಯಿಲ್ಲ ಎನ್ನುವಾಗ ರೋಜರ್ ಒಂದು ಕಪ್ಪು ತೂತು ಎತ್ತಿ ಹಿಡಿಯುತ್ತಾನೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೊಂಡುಹೋಗಬಹುದಾದ ತೂತು! ಟ್ಯಾಕ್ಸಿ ಅದರೊಳಗೆ ಹೊಕ್ಕು ಹೊರಗೆ ಬಂತು.

ನನ್ನ ಅಪ್ಪ ಮನೆ ಹಿಂದಿನ ಗುಡ್ಡೆಗೆ ನೀರಿಗಾಗಿ ಸುರಂಗ ಕೊರೆಸಿದ್ದು ಎರಡು ಬೇಸಗೆ. ಪಿಕ್ಕಾಸಿನ ಪೆಟ್ಟಿಗೆ ಮುರಕಲ್ಲು ಹಿಡಿ ಹಿಡಿಯಾಗಿ ಮಾತ್ರ ಬರುತ್ತದೆ. ಬುಟ್ಟಿಯಲ್ಲಿ ಮಣ್ಣು ಹೊತ್ತು ಹಿಮ್ಮುಖ ಬರಬೇಕು, ತಿರುಗಲು ಜಾಗ ಇಲ್ಲ. ಒಳಗೆ ಚಿಮಿಣಿ ದೀಪ ಇಡುತ್ತಿದ್ದರು. ಅದು ಸಣ್ಣದಾದರೆ ಗಾಳಿ ಕಮ್ಮಿಯಾಯಿತು, ಹೊರಗೆ ಬಾ ಎಂದು ಅರ್ಥ. ಆ ಸುರಂಗದಲ್ಲಿ ಇವತ್ತಿಗೂ ಕಿರುಬೆರಳಿನಷ್ಟು ನೀರು ಬರುತ್ತದೆ. ರೋಜರನ ತೂತು ಅಪ್ಪನಿಗೆ ಸಿಕ್ಕಿದ್ದರೆ ಅದನ್ನು ಗುಡ್ಡೆಗೆ ಅಂಟಿಸಿ, ಬಾವನವರ ತೋಟಕ್ಕೂ ಒಂದು ದಿನದ ಸಾಲ ಕೊಡುತ್ತಿದ್ದರು.

ಇದನ್ನೆಲ್ಲ ಮೊನ್ನೆ ಫೋನಿನಲ್ಲಿ ಪುಳ್ಳಿಗೆ ಹೇಳಿದೆ. ರಜೆಯಲ್ಲಿ ಬರುತ್ತಾನಂತೆ, ಅದರೊಳಗೆ ಹೋಗಲೇಬೇಕಂತೆ. ಸ್ಟೇರಿಂಗು ಉಂಟಾ ಎಂದು ಕೇಳಿದ. ಇಲ್ಲ, ನಡೆದೇ ಹೋಗಬೇಕು, ಒಳಗೆ ಬಾವಲಿಗಳು ಉಂಟು ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಬ್ಯಾಟರಿ ಹಾಕಿದ್ದಾ ಅಜ್ಜ?"