ದಯವಿಟ್ಟು ನನ್ನ ಸೈಟಿನ ಜಾಹೀರಾತು ಒತ್ತಬೇಡಿ ಮಾರಾಯರೇ

ನಿನ್ನೆ ರಾತ್ರಿ ಹನ್ನೊಂದೂ ಮುಕ್ಕಾಲಿಗೆ, ನನ್ನ ಸೈಟಿಗೆ ಜಾಹೀರಾತು ಹಾಕುವ ಕಂಪನಿಯಿಂದ ಮೇಲ್ ಬಂತು. ನಿಮ್ಮ ಖಾತೆಯಲ್ಲಿ ‘ಅಮಾನ್ಯ ಚಟುವಟಿಕೆ’ (ಅಂದರೆ ಸುಳ್ಳು ಕ್ಲಿಕ್ಕು) ಕಂಡುಬಂದಿದೆ, 30 ದಿನ ಜಾಹೀರಾತು ಬಂದ್. ಖಾತೆಯಲ್ಲಿ 91 ಡಾಲರ್ ಸೇರಿತ್ತು. 100 ಆಗದೆ ಅವರು ಬ್ಯಾಂಕಿಗೆ ಕಳಿಸುವುದಿಲ್ಲ. ಒಂಬತ್ತೇ ಡಾಲರ್ ಬಾಕಿ. ಹೆಚ್ಚೆಂದರೆ ಇನ್ನು ಎರಡು ವಾರದ ಕೆಲಸ. ಈಗ ಆ 91ರಲ್ಲಿ ಎಷ್ಟು ಕತ್ತರಿಸುತ್ತಾರೋ, ಎಷ್ಟು ಉಳಿಸುತ್ತಾರೋ, ಅವರೇ ಲೆಕ್ಕ ಹಾಕಿ ಹೇಳುತ್ತಾರಂತೆ. ಕೇಳೋಣ ಅಂದರೆ ಫೋನ್ ನಂಬರ್ ಇಲ್ಲ. ಮನುಷ್ಯರೇ ಇಲ್ಲ. ಖಾತೆ ಪೂರ್ತಿ ಮುಚ್ಚಿದರೆ ಮೇಲ್ಮನವಿಗೆ ಒಂದು ಫಾರಂ ಉಂಟು, ಬರೀ ಅಮಾನತಿಗೆ ಅದೂ ಇಲ್ಲ.

ಯಾರ ಕೆಲಸ ಇದು ಅಂತ ರಾತ್ರಿ ಒಂದು ಗಂಟೆವರೆಗೂ ಕೂತು ನೋಡಿದೆ. ನನ್ನದು ಅಡಿಕೆ ಧಾರಣೆಯ ಸೈಟು. ದಿನಕ್ಕೆ ಎರಡೂವರೆ ಸಾವಿರ ಸಲ ಪುಟ ತೆರೆಯುತ್ತದೆ, ಜಾಹೀರಾತಿಗೆ ಬೀಳುವ ಕ್ಲಿಕ್ಕು ಇಪ್ಪತ್ತು, ಇಪ್ಪತ್ತೈದು. ಕಳೆದ ಐದು ದಿನದಲ್ಲಿ ಅದು ನಾನೂರು ದಾಟಿತ್ತು. ಎಲ್ಲ ರಾತ್ರಿ ಒಂಬತ್ತರಿಂದ ಹತ್ತರೊಳಗೆ. ಅಂದರೆ ಊಟ ಆದ ಮೇಲೆ. ಶಿವಮೊಗ್ಗದಿಂದ ಒಂದಷ್ಟು, ಬೆಂಗಳೂರಿನಿಂದ ಒಂದಷ್ಟು. ಟೆಕ್ಸಾಸ್‌ನಿಂದಲೂ ಒಬ್ಬ ಮಹಾಶಯ ದಿನಾ ಬಂದು ಹೋಗಿದ್ದಾನೆ. ಸಾಗರ ಮಾರುಕಟ್ಟೆಯಲ್ಲಿ ಕೆಂಪುಗೋಟು ಅಡಿಕೆ ಎಷ್ಟಕ್ಕೆ ಹೋಯಿತು ಅಂತ ಟೆಕ್ಸಾಸ್‌ನಲ್ಲಿ ಯಾರಿಗೆ ಬೇಕು ಸ್ವಾಮಿ? ಅಲ್ಲಿ ನನಗೆ ಗೊತ್ತಿರುವವನು ಒಬ್ಬನೇ, ನಮ್ಮ ಮಾವನ ಮಗ.

ಆಗ ತಲೆಗೆ ಹೊಳೆಯಿತು. ವರ್ಷದಿಂದ ಮ್ಯೂಟ್ ಮಾಡಿಟ್ಟಿದ್ದ ಮನೆಮಂದಿಯ ವಾಟ್ಸಾಪ್ ಗುಂಪು ತೆರೆದೆ. ಮಾವನ ಮೆಸೇಜು, ಐದು ದಿನದ ಹಿಂದಿನದು: “ನಮ್ಮ ಹುಡುಗ ಕಷ್ಟಪಟ್ಟು ಅಡಿಕೆ ರೇಟಿನ ವೆಬ್‌ಸೈಟ್ ಮಾಡಿದ್ದಾನೆ. ಅದರಲ್ಲಿ ಬರುವ ಅಡ್ವರ್ಟೈಸ್‌ಮೆಂಟ್ ಒತ್ತಿದರೆ ಅವನಿಗೆ ದುಡ್ಡು. ಎಲ್ಲರೂ ದಿನಾ ಊಟ ಆದ ಮೇಲೆ ಹತ್ತತ್ತು ಸಲ ಒತ್ತಿ. ನಮಗೇನೂ ಖರ್ಚಿಲ್ಲ.” ಕೆಳಗೆ ಸಾಲಾಗಿ ಹೆಬ್ಬೆರಳು, ಕೈಮುಗಿದ ಚಿತ್ರ. ‘ಒತ್ತಿದೆ.’ ‘ನಾನೂ ಒತ್ತಿದೆ.’ ‘ಇವರ ಫೋನಲ್ಲೂ ಒತ್ತಿಸಿದೆ.’ ಚಿಕ್ಕಮ್ಮ ಒಬ್ಬರು ಇಪ್ಪತ್ತು ಸಲ ಒತ್ತಿ, ಕೊನೆಗೆ “ಒಂದು ನೈಟಿ ಆರ್ಡರ್ ಆಗಿಹೋಯಿತು, ವಾಪಸ್ ಮಾಡೋದು ಹ್ಯಾಗೆ?” ಅಂತ ಕೇಳಿದ್ದಾರೆ. ಅದಕ್ಕೆ ಉತ್ತರ ಕೊಟ್ಟವನು ಟೆಕ್ಸಾಸಿನವನು. ಸಾಫ್ಟ್‌ವೇರ್ ಇಂಜಿನಿಯರು! ನೈಟಿ ವಾಪಸ್ ಮಾಡುವುದು ಗೊತ್ತು ಅವನಿಗೆ, ಹೀಗೆ ಒತ್ತಿದರೆ ನನ್ನ ಖಾತೆಗೆ ಬೀಗ ಬೀಳುತ್ತದೆ ಅನ್ನುವುದು ಗೊತ್ತಿಲ್ಲ.

ಬೆಳಿಗ್ಗೆ ಮಾವನೇ ಫೋನ್ ಮಾಡಿದರು. “ಎಂತ ಮಾರಾಯ, ಈ ಸಲ ದುಡ್ಡು ಜೋರು ಬಂತಾ?”

ಏನು ಹೇಳುವುದು? ಬಿ.ಕಾಂ. ಎರಡನೇ ವರ್ಷದಲ್ಲಿ ಅಪ್ಪನ ಕೈ ಖಾಲಿಯಾದಾಗ ನನ್ನ ಫೀಸು ಕಟ್ಟಿದವರು ಅವರು. “ಹ್ಞೂಂ ಮಾವ, ಇನ್ನು ಸಾಕು, ಬಿಟ್ಟುಬಿಡಿ” ಅಂದೆ. “ಸಾಕು ಅಂದ್ರೆ ಎಂತ, ನಾವಿನ್ನೂ ಗಟ್ಟಿ ಇದ್ದೇವೆ” ಅಂದರು. ಅವರ ಮೇಲೆ ಕೂಗಾಡಲಾಗದ ಸಿಟ್ಟನ್ನು ಇಲ್ಲಿ ಕಾರಿಕೊಳ್ಳುತ್ತಿದ್ದೇನೆ.

ಆದರೆ ನಿಜವಾದ ಸಿಟ್ಟು ಮಾವನ ಮೇಲಲ್ಲ. ವೆಬ್‌ಸೈಟ್ ಅಂದರೆ ಮನೆಯಲ್ಲಿ ನೆಟ್ಟು ಬಿಟ್ಟ ಕರಿಬೇವಿನ ಗಿಡ, ಯಾರು ಬೇಕಾದರೂ ಕಿತ್ತುಕೊಳ್ಳಬಹುದು, ಅದರ ಪಾಡಿಗೆ ಅದು ಚಿಗುರುತ್ತದೆ ಅಂತ ಊರಿಗೆಲ್ಲ ತಲೆಗೆ ತುಂಬಿದ್ದಾರಲ್ಲ, ಅವರ ಮೇಲೆ. ‘ಮಲಗಿದ್ದಾಗಲೂ ಹಣ’ ಅಂತ ಬಾಡಿಗೆ ಕಾರಿನ ಬಾನೆಟ್ ಮೇಲೆ ಕೂತು ವಿಡಿಯೋ ಮಾಡುವವರು. ನಾನು ಮಲಗಿದ್ದಾಗ ಇದುವರೆಗೆ ಬಂದದ್ದು ಸೈಟು ಇಡಲು ಜಾಗ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಕಂಪನಿಯ ಬಿಲ್ಲು ಮಾತ್ರ.

ನನ್ನ ದಿನ ಹೇಗಿರುತ್ತದೆ ಕೇಳಿ. ಶಿವಮೊಗ್ಗದಲ್ಲಿ ಒಂದು ವಾಹನ ಶೋರೂಮಿನ ಅಕೌಂಟ್ಸ್ ವಿಭಾಗ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನು ಸಲ್ಲಿಸುವ ಗಡುವು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ಎರಡು ತಾರೀಕಿನ ಹಿಂದೆಮುಂದೆ ಮನೆ ಸೇರುವಾಗ ಒಂಬತ್ತಾಗಿರುತ್ತದೆ. ಬಂದು ಬಾಗಿಲು ತೆಗೆಯುವುದರೊಳಗೆ ಫೋನ್: “ಇವತ್ತಿನ ರೇಟು ಇನ್ನೂ ಹಾಕಿಲ್ಲ?” ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಚನ್ನಗಿರಿ, ಶಿರಸಿ, ಸಿದ್ದಾಪುರ, ಯಲ್ಲಾಪುರ. ಅಡಿಕೆಯ ಬಗೆಗಳೋ, ರಾಶಿ, ಬೆಟ್ಟೆ, ಸರಕು, ಗೊರಬಲು. ಶಿರಸಿ ಕಡೆಯದಾದರೆ ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕಾ, ತಟ್ಟಿಬೆಟ್ಟೆ. ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ. ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ ವೆಬ್‌ಸೈಟಿನಲ್ಲಿ ಈ ಅಂಕಿಗಳು ಸಿಗುತ್ತವೆ ನಿಜ. ಆದರೆ ಫೋನಿನ ಪುಟ್ಟ ಪರದೆಯಲ್ಲಿ ಆ ಪಟ್ಟಿ ಬಿಚ್ಚಿ ನೋಡಿ ಆಮೇಲೆ ಹೇಳಿ. ನಾನು ಅದನ್ನು ಹೆಕ್ಕಿ, ಮಂಡಿಯಲ್ಲಿರುವ ಪರಿಚಯದವರಿಗೆ ಒಂದು ಫೋನ್ ಹಾಕಿ ತಾಳೆ ನೋಡಿ, ನಿನ್ನೆಗಿಂತ ಏರಿತೋ ಇಳಿಯಿತೋ ಅಂತ ಗುರುತು ಹಾಕಿ ಒಂದೇ ಪುಟದಲ್ಲಿ ಇಡುತ್ತೇನೆ. ಒಂದೂವರೆ ಗಂಟೆ. ಮಾರುಕಟ್ಟೆ ನಡೆದ ಅಷ್ಟೂ ದಿನ. ತಂಗಿಯ ಮದುವೆಯ ಚಪ್ಪರದ ದಿನವೂ ಹಾಕಿದ್ದೇನೆ, ಪಾತ್ರೆ ಕೋಣೆಯಲ್ಲಿ ಕೂತು.

ಒಂದು ಸಲ ಕಣ್ಣು ಮಂಜಾಗಿ ರಾಶಿ ಅಡಿಕೆಗೆ ಕ್ವಿಂಟಲಿಗೆ 58 ಸಾವಿರ ಅಂತ ಹಾಕುವ ಬದಲು 85 ಸಾವಿರ ಒತ್ತಿಬಿಟ್ಟೆ. ಹತ್ತು ನಿಮಿಷದಲ್ಲಿ ಸರಿ ಮಾಡಿದೆ. ಆ ಹತ್ತು ನಿಮಿಷದೊಳಗೆ ಹೊಸನಗರ ಕಡೆಯ ಒಬ್ಬರು ಮಂಡಿಗೆ ಫೋನ್ ಮಾಡಿ ನಗೆಪಾಟಲಾಗಿ, ಆ ಕೋಪವನ್ನೆಲ್ಲ ನನ್ನ ಕಿವಿಗೆ ಸುರಿದರು. ಸುರಿಯಲಿ, ತಪ್ಪು ನನ್ನದೇ. ಆದರೆ ಮರುದಿನ ನೋಡುತ್ತೇನೆ, ಇನ್ನೊಂದು ಸೈಟಿನಲ್ಲಿ ರಾಶಿ 85 ಸಾವಿರ! ನನ್ನದೇ ಪಟ್ಟಿ, ನಾನು ಬರೆದ ‘ನಿನ್ನೆಗಿಂತ’ ಅನ್ನುವ ಕಾಲಮ್ಮು, ನನ್ನದೇ ತಪ್ಪು, ಮೇಲೆ ಅವರ ಲಾಂಛನ. ಕದಿಯುವವನಿಗೆ ಕದ್ದದ್ದು ಸರಿ ಇದೆಯೋ ಅಂತ ನೋಡುವ ವ್ಯವಧಾನವೂ ಬೇಡವೇ? ಎರಡು ದಿನ ಹಾಗೇ ಇತ್ತು. ಹುಡುಕಿದರೆ ಮೇಲೆ ಬರುತ್ತಿದ್ದುದು ಅದು, ನನ್ನದು ಅದರ ಕೆಳಗೆ ಐದನೆಯದು. ನನ್ನ ತಪ್ಪಿಗೂ ನನಗಿಂತ ಅವನಿಗೇ ಹೆಚ್ಚು ಓದುಗರು.

ಬೋರ್ಡೋ ದ್ರಾವಣದ್ದು ಇನ್ನೊಂದು ಕಥೆ. ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವುದು ಹೇಗೆ ಅಂತ ಒಂದು ಲೇಖನ ಹಾಕಿದ್ದೆ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಅಷ್ಟು ಎಲ್ಲರಿಗೂ ಗೊತ್ತು. ಅಪ್ಪ ಹೇಳಿಕೊಟ್ಟದ್ದನ್ನೂ ಸೇರಿಸಿದ್ದೆ: ಉಜ್ಜಿ ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ. ಹಾಗೇ ಹೊಡೆದರೆ ಕಾಯಿ, ಎಲೆ ಸುಟ್ಟುಹೋಗುತ್ತದೆ. ಮೇ, ಜೂನ್‌ನಲ್ಲಿ ಆ ಪುಟಕ್ಕೆ ಒಳ್ಳೆ ಜನ ಬರುತ್ತಿದ್ದರು. ಈಗ ಹುಡುಕಾಟದ ಪುಟದ ತಲೆಯ ಮೇಲೇ ಒಂದು ಚೌಕದಲ್ಲಿ ಉತ್ತರ ಬಂದು ಕೂರುತ್ತದೆ: ಒಂದು ಕೆಜಿ, ಒಂದು ಕೆಜಿ, ನೂರು ಲೀಟರ್. ಜನ ಅಲ್ಲೇ ಓದಿ ಅಲ್ಲಿಂದಲೇ ವಾಪಸ್. ನನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ನಾನು ನೋಡಿದ ಆ ಚೌಕದಲ್ಲಿ ಚಾಕುವಿನ ಮಾತೇ ಇಲ್ಲ. ತೋಟ ಸುಟ್ಟರೆ ಆ ಚೌಕವನ್ನು ಹಿಡಿದು ಕೇಳುವವರು ಯಾರು?

ಇನ್ನು ದುಡ್ಡಿನ ಲೆಕ್ಕ. ಅಕೌಂಟ್ಸ್‌ನವನು, ಹಾಕದೆ ಇರಲಾಗುವುದಿಲ್ಲ. ಸಾವಿರ ಸಲ ಪುಟ ತೆರೆದರೆ ನನಗೆ ಸಿಗುವುದು ಸುಮಾರು 25 ರೂಪಾಯಿ. ಕನ್ನಡದ ಪುಟಕ್ಕೆ ಅಷ್ಟೇ. ತಿಂಗಳಿಗೆ 1,875, ವರ್ಷಕ್ಕೆ 22,500. ಹೋಸ್ಟಿಂಗ್‌ನವರು ಮೊದಲ ಮೂರು ವರ್ಷ ತಿಂಗಳಿಗೆ 149 ಅಂತ ಕರೆದು ಕೂರಿಸಿದರು, ನವೀಕರಣಕ್ಕೆ ಬಂದಾಗ 449. ಮೂವತ್ತಾರು ತಿಂಗಳಿಗೆ 16,164, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 19,073. ಒಂದೇ ಏಟಿಗೆ ಕಟ್ಟಬೇಕು. ಹಗಲೆಲ್ಲ ಮಾಲೀಕರ ಬಿಲ್ಲುಗಳಿಗೆ ಇನ್‌ಪುಟ್ ಕ್ರೆಡಿಟ್ ಹಾಕುವ ಕೈ ಇದು. ನನ್ನ ಸ್ವಂತ ಬಿಲ್ಲಿನ ಆ ಜಿಎಸ್‌ಟಿಯಲ್ಲಿ ಒಂದು ರೂಪಾಯಿಯೂ ವಾಪಸ್ ಸಿಗದು. ನನಗೆ ನೋಂದಣಿ ಇಲ್ಲ, ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಬೇಕಾಗಿಯೂ ಇಲ್ಲ. ಆ ದಿನ ಬರಲಿ, ಆಮೇಲೆ ನೋಡೋಣ. ಹೋಸ್ಟಿಂಗಿನ ಒಂದು ವರ್ಷದ ಪಾಲು, ಡೊಮೇನು ಅಂದರೆ ಸೈಟಿನ ಹೆಸರಿನ ಬಾಡಿಗೆ ಕಳೆದರೆ ವರ್ಷಕ್ಕೆ ಉಳಿಯುವುದು 14,742. ವರ್ಷದ 450 ಗಂಟೆಗೆ ಭಾಗಿಸಿ. ಗಂಟೆಗೆ 33 ರೂಪಾಯಿ ಬರುವುದಿಲ್ಲ. ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರನಿಗೆ ಇದನ್ನು ಹೇಳಿದರೆ ಮರದ ಮೇಲಿಂದಲೇ ನಕ್ಕು ಬಿದ್ದಾನು.

ಬಂದದ್ದು ಕೈಗೆ ಸೇರುವುದೂ ಸಲೀಸಲ್ಲ. ಶುರುವಿಗೆ ಹತ್ತು ಡಾಲರ್ ಆದಾಗ ವಿಳಾಸ ಖಚಿತಪಡಿಸಲು ಆರಂಕಿಯ ಪಿನ್ ಒಂದನ್ನು ಸಾದಾ ಅಂಚೆಯಲ್ಲಿ ಕಳಿಸುತ್ತಾರೆ. ಊರ ಮನೆಯ ವಿಳಾಸ ಕೊಟ್ಟಿದ್ದೆ, ಅದು ನನ್ನ ದಡ್ಡತನ. ಎರಡು ಸಲ ಕಳಿಸಿದ್ದು ಬರಲೇ ಇಲ್ಲ. ಮೂರನೆಯದು ಸಿಕ್ಕಿದ್ದು ಕೈಮರದ ಅಂಗಡಿಯವನ ಉದ್ರಿ ಪುಸ್ತಕದೊಳಗೆ. ‘ಯಾರೋ ಇಂಗ್ಲಿಷಲ್ಲಿ ಕಳಿಸಿದ್ದಾರೆ, ಜೋಪಾನ ಇರಲಿ’ ಅಂತ ತಿಂಗಳಿನಿಂದ ಇಟ್ಟಿದ್ದನಂತೆ. ಮೊದಲ ಸಲ ಹಣ ಬಂದಾಗ ಬ್ಯಾಂಕಿನಿಂದ ಫೋನ್: ವಿದೇಶದಿಂದ ದುಡ್ಡು ಬಂದಿದೆ, ಬಂದು ಸಹಿ ಹಾಕಿ. ಅರ್ಧ ದಿನ ರಜೆ ಹಾಕಿ ಹೋದರೆ, ಕೌಂಟರಿನಲ್ಲಿದ್ದವರು “ಯಾರು ಕಳಿಸಿದ್ದು, ಅಣ್ಣನಾ?” ಅಂದರು. ಅಲ್ಲ ಸರ್, ಜಾಹೀರಾತಿನ ಆದಾಯ, ಅದಕ್ಕೆ ಪಿ1007 ಅಂತ ಕೋಡ್ ಇದೆ ಅಂದೆ. ಅವರು ಆಗಲೇ ಪಿ1301 ಹಾಕಿ ಆಗಿತ್ತು, ಅಂದರೆ ವಿದೇಶದಲ್ಲಿರುವವರು ಮನೆ ಖರ್ಚಿಗೆ ಕಳಿಸುವ ಹಣ. ಟೆಕ್ಸಾಸಿನವನು ಈ ಜನ್ಮದಲ್ಲಿ ನಮ್ಮ ಮನೆಗೆ ಒಂದು ಚಾಕೊಲೇಟು ಡಬ್ಬಿಗಿಂತ ಹೆಚ್ಚು ಕಳಿಸಿದವನಲ್ಲ, ಬ್ಯಾಂಕಿನ ಕಡತದಲ್ಲಿ ನಮ್ಮನ್ನು ಸಾಕುತ್ತಿದ್ದಾನೆ! ತಿದ್ದಿಸಲು ಇನ್ನೊಂದು ಅರ್ಜಿ, ಇನ್ನೊಂದು ಅರ್ಧ ದಿನ. ಸಂಬಳ ಮಾತ್ರ ಇದ್ದಾಗ ಐಟಿಆರ್-1ರಲ್ಲಿ ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದ ಆದಾಯ ತೆರಿಗೆ ರಿಟರ್ನ್ಸು ಈಗ ಇನ್ನೂ ಉದ್ದದ ಐಟಿಆರ್-4.

ಗಿರಾಕಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ರಕ್ತದೊತ್ತಡ ಏರುತ್ತದೆ. ಒಂದು ಹೋಮ್‌ಸ್ಟೇ, ಒಂದು ಕಲ್ಯಾಣ ಮಂಟಪ, ಎರಡರ ಸೈಟನ್ನೂ ನಾನೇ ನೋಡಿಕೊಳ್ಳುತ್ತೇನೆ. ಹೋಮ್‌ಸ್ಟೇಯವರು ರಾತ್ರಿ ಹನ್ನೊಂದಕ್ಕೆ ವಾಟ್ಸಾಪಲ್ಲಿ ನಲವತ್ತು ಮಸುಕು ಫೋಟೋ ಕಳಿಸಿ “ಐದು ನಿಮಿಷದ ಕೆಲಸ ಅಲ್ವಾ” ಅನ್ನುತ್ತಾರೆ. ಮಂಟಪದವರಿಗೆ ಡೊಮೇನ್ ಮುಗಿಯುತ್ತಿದೆ, ಹಣ ಕಳಿಸಿ ಅಂತ ಮೂರು ಸಲ ಹೇಳಿದೆ. “ನಾಳೆ ಮಾಡುವ” ಅಂದರು. ನಾಳೆ ನಾಳೆ ಅಂತ ಅವಧಿ ಮುಗಿದ ಮೇಲೆ ಕೊಡುವ ಗಡುವೂ ಹೋಯಿತು, ದಂಡ ಕಟ್ಟಿ ಬಿಡಿಸಿಕೊಳ್ಳುವ ಮೂವತ್ತು ದಿನವೂ ಹೋಯಿತು. ಯಾರೋ ಹೊಂಚು ಹಾಕಿ ಕೂತವರು ಹೆಸರನ್ನು ಎತ್ತಿಕೊಂಡರು. ಈಗ ಆ ವಿಳಾಸ ಒತ್ತಿದರೆ ಬೆಟ್ಟಿಂಗ್ ಆಟ. ಮುಹೂರ್ತದ ಸೀಸನ್ನಿನಲ್ಲಿ ಹೆಣ್ಣಿನ ಕಡೆಯವರು ಛತ್ರದ ಊಟದ ಹಾಲ್ ಎಷ್ಟು ದೊಡ್ಡದಿದೆ ನೋಡೋಣ ಅಂತ ತೆರೆದರೆ ಇಸ್ಪೀಟು ರಾಣಿ ಕಣ್ಣು ಹೊಡೆಯುತ್ತಾಳೆ. ಬೈಗುಳ ಯಾರಿಗೆ? ನನಗೆ.

ಆಫೀಸಿನಲ್ಲಿ ಬೇರೆಯೇ ರಾಗ. 2022ರಲ್ಲಿ ವಿಪ್ರೋದವರು 300 ಜನರನ್ನು ಎರಡು ಕಡೆ ಕೆಲಸ ಮಾಡಿದ್ದಕ್ಕೆ ಮನೆಗೆ ಕಳಿಸಿದ ಸುದ್ದಿ ಬಂದಾಗಿನಿಂದ ನಮ್ಮ ಮ್ಯಾನೇಜರರಿಗೂ ತಾವೊಂದು ಐಟಿ ಕಂಪನಿ ನಡೆಸುತ್ತಿದ್ದೇವೆ ಅನ್ನುವ ಭಾವನೆ. ಈ ಸಲ ಇಂಕ್ರಿಮೆಂಟ್ ಕೇಳಲು ಹೋದರೆ “ನಿಮಗೇನ್ರೀ, ಸೈಡಲ್ಲಿ ಜೋರಾಗಿ ನಡೀತಿದೆಯಂತೆ” ಅಂದರು. ಹೋಸ್ಟಿಂಗಿನ ಬಿಲ್ಲು ತೋರಿಸೋಣ ಅನ್ನಿಸಿತು. ಜೇಬಿನಲ್ಲೇ ಇತ್ತು.

ಇದನ್ನು ಬರೆಯುತ್ತಾ ಕೂತು ರಾತ್ರಿ ಎಂಟು ಗಂಟೆಯಾಯಿತು. ಇನ್ನು ಮೂವತ್ತು ದಿನ ಸೈಟಿನಿಂದ ಬಿಡಿಗಾಸು ಬರುವುದಿಲ್ಲ, ಹಾಗಾಗಿ ಇವತ್ತು ಧಾರಣೆ ಹಾಕುವುದೇ ಬೇಡ, ಹೊಟ್ಟೆ ತುಂಬ ಉಂಡು ಮಲಗೋಣ ಅಂತ ತೀರ್ಮಾನ ಮಾಡಿದ್ದೆ. ಈಗ ಫೋನ್ ಬಂತು. 85 ಸಾವಿರದ ಹೊಸನಗರದವರೇ. “ಎಂತ, ಇವತ್ತು ರೇಟೇ ಇಲ್ಲ? ನಾಳೆ ಗಾಡಿ ಕಳಿಸಬೇಕಾ ಬೇಡವಾ ಹೇಳಿ. ಬೇರೆ ಕಡೆ ಇದೆ, ಅದನ್ನು ನಂಬಲಿಕ್ಕೆ ಆಗುದಿಲ್ಲ.”

ತೀರ್ಥಹಳ್ಳಿಯದು ಬಂದಿದೆ, ಸಾಗರದ್ದು ಇನ್ನೂ ಬರಬೇಕು. ಹೋಗುತ್ತೇನೆ.